ಅಮೆರಿಕದಲ್ಲಿ ಹೊಸ ಕೆಲಸ: ಮೊದಲ ವರ್ಷದ ಆರೋಗ್ಯ ವಿಮೆಯ ಲೆಕ್ಕವೇ ಬೇರೆ

ವಿದೇಶಿ ನೌಕರರಿಗೆ ಕೊಡುವ ಎಚ್-1ಬಿ ವೀಸಾಗಳಲ್ಲಿ ಹೊಸದಾಗಿ ಮಂಜೂರಾದವು ಸಾಮಾನ್ಯವಾಗಿ ಜಾರಿಗೆ ಬರುವುದು ಅಕ್ಟೋಬರ್ 1ರಿಂದ. ಅಮೆರಿಕ ಸರ್ಕಾರದ ಹಣಕಾಸು ವರ್ಷ ಶುರುವಾಗುವುದು ಆ ದಿನ. ಆದರೆ ಹೆಚ್ಚಿನ ಕಂಪನಿಗಳ ಆರೋಗ್ಯ ವಿಮೆಯ ವರ್ಷ ಜನವರಿ 1ಕ್ಕೆ ಆರಂಭವಾಗಿ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಈ ಎರಡರ ನಡುವಿನ ಮೂರು ತಿಂಗಳಲ್ಲಿ ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಬಂದು ಕೆಲಸಕ್ಕೆ ಸೇರುವವರು, ಯಾವ ಪ್ಲಾನ್ ಒಳ್ಳೆಯದು ಎಂದು ಸಹೋದ್ಯೋಗಿಗಳನ್ನು ಕೇಳಿ ಅವರು ತೆಗೆದುಕೊಂಡದ್ದನ್ನೇ ತೆಗೆದುಕೊಳ್ಳುತ್ತಾರೆ. ಸಹೋದ್ಯೋಗಿ ಹನ್ನೆರಡು ತಿಂಗಳಿಗೆ ಲೆಕ್ಕ ಹಾಕಿದ್ದಾರೆ. ಹೊಸಬರ ಪಾಲಿಗೆ ಉಳಿದಿರುವುದು ಮೂರೇ ತಿಂಗಳು. ಅವರಿಗೆ ಲಾಭವಾದ ಪ್ಲಾನ್ ಇವರಿಗೆ ಅದೇ ಕಾರಣಕ್ಕೆ ದುಬಾರಿಯಾಗಬಹುದು. ಅದು ಹೇಗೆಂದು ಅಂಕಿಗಳಲ್ಲೇ ನೋಡಬಹುದು, ಆದರೆ ಅದಕ್ಕೆ ಮೊದಲು ಮನಸ್ಸಿನಲ್ಲಿರುವ ಊರಿನ ವಿಮೆಯ ಚಿತ್ರವನ್ನು ಪಕ್ಕಕ್ಕಿಡಬೇಕು.

ನಮ್ಮಲ್ಲಿ ಕಂಪನಿ ಕೊಡುವ ಪಾಲಿಸಿ ಎಂದರೆ ಐದು ಲಕ್ಷ, ಹತ್ತು ಲಕ್ಷ ಎಂಬ ಮೊತ್ತ. ಆಸ್ಪತ್ರೆಗೆ ದಾಖಲಾದರೆ ಅಷ್ಟರವರೆಗೆ ವಿಮೆಯವರು ಕೊಡುತ್ತಾರೆ, ಅದರಾಚೆಯದು ನಮ್ಮ ಜೇಬಿನಿಂದ. ಅಮೆರಿಕದಲ್ಲಿ ಮಿತಿ ಇರುವುದು ನಿಮ್ಮ ಜೇಬಿಗೆ. ಮೊದಲು ನೀವು ಕೊಡುತ್ತೀರಿ. ವರ್ಷದಲ್ಲಿ ನೀವು ಕೊಟ್ಟದ್ದು ಒಂದು ಗೆರೆ ಮುಟ್ಟಿದ ಮೇಲೆ ಮಿಕ್ಕಿದ್ದೆಲ್ಲ ವಿಮೆಯವರದು, ಬಿಲ್ಲು ಹತ್ತು ಲಕ್ಷ ಡಾಲರ್ ಆದರೂ ಸರಿ. ಅಗತ್ಯ ಚಿಕಿತ್ಸೆಗಳಿಗೆ ವಿಮಾ ಕಂಪನಿ ವಾರ್ಷಿಕ ಅಥವಾ ಜೀವಮಾನದ ಮಿತಿ ಹಾಕುವಂತಿಲ್ಲ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿಯೂ ಇಲ್ಲ. ಭಾರತದಲ್ಲಿ ಸ್ವಂತಕ್ಕೆ ಕೊಳ್ಳುವ ಪಾಲಿಸಿಗಳಲ್ಲಿ ಅದು ಮೂರು ವರ್ಷದವರೆಗೆ ಇರಬಹುದು. ಅಮೆರಿಕದಲ್ಲಿ 2014ರಿಂದ ಆ ಷರತ್ತಿಗೆ ಕಾನೂನಿನ ತಡೆಯಿದೆ. ಸಕ್ಕರೆ ಕಾಯಿಲೆ, ಥೈರಾಯ್ಡ್, ಗರ್ಭ, ಯಾವುದಿದ್ದರೂ ವಿಮೆ ಜಾರಿಯಾದ ದಿನದಿಂದಲೇ ಅನ್ವಯ. ಹೀಗಾಗಿ ಕಾಯಿಲೆ ಹೇಳಿಕೊಂಡರೆ ವಿಮೆ ಸಿಗಲಾರದೇನೋ ಎಂಬ ಅಂಜಿಕೆ ಬೇಡ.

ಪ್ಲಾನ್ ಪುಟದಲ್ಲಿ ಕಾಣುವ ಪದಗಳು ಐದು. ಪ್ರೀಮಿಯಂ ಸಂಬಳದಿಂದ ಕಡಿತವಾಗುತ್ತದೆ, ವೈದ್ಯರ ಬಳಿ ಹೋದರೂ ಹೋಗದಿದ್ದರೂ. ಡಿಡಕ್ಟಿಬಲ್ ಎಂದರೆ ವಿಮೆಯವರು ಕೈಹಾಕುವ ಮುನ್ನ ವರ್ಷದಲ್ಲಿ ನೀವೇ ಭರಿಸುವ ಮೊತ್ತ. ಕೋಪೇ ಎಂದರೆ ಪ್ರತಿ ಭೇಟಿಗೆ ನಿಗದಿಯಾದ 30 ಅಥವಾ 40 ಡಾಲರ್‌ನಂಥ ಶುಲ್ಕ. ಕೋಇನ್ಶೂರೆನ್ಸ್ ಎಂದರೆ ಡಿಡಕ್ಟಿಬಲ್ ಮುಗಿದ ಮೇಲೂ ನಿಮಗೆ ಉಳಿಯುವ ಶೇಕಡಾವಾರು ಪಾಲು, ಸಾಮಾನ್ಯವಾಗಿ ಶೇ. 20ರ ಆಸುಪಾಸು. ಐದನೆಯದು ಔಟ್ ಆಫ್ ಪಾಕೆಟ್ ಮ್ಯಾಕ್ಸಿಮಮ್, ಅಂದರೆ ಮೇಲೆ ಹೇಳಿದ ಗೆರೆ. ಇದನ್ನು ಇಲ್ಲಿ ಜೇಬಿನ ಮಿತಿ ಎನ್ನೋಣ. 2026ರಲ್ಲಿ ಕಾನೂನು ಒಪ್ಪುವ ಅತಿ ಹೆಚ್ಚಿನ ಜೇಬಿನ ಮಿತಿ ಒಬ್ಬರಿಗೆ 10,600 ಡಾಲರ್, ಕುಟುಂಬಕ್ಕೆ 21,200 ಡಾಲರ್. ಅನೇಕ ಕಂಪನಿಗಳ ಪ್ಲಾನ್‌ಗಳಲ್ಲಿ ಇದಕ್ಕಿಂತ ಕಡಿಮೆ ಇರುತ್ತದೆ. ಪ್ರೀಮಿಯಂ ಈ ಮಿತಿಯೊಳಗೆ ಸೇರುವುದಿಲ್ಲ. ವಿಮಾ ಕಂಪನಿಯೊಂದಿಗೆ ದರದ ಒಪ್ಪಂದ ಮಾಡಿಕೊಂಡ ವೈದ್ಯರು, ಆಸ್ಪತ್ರೆಗಳ ಗುಂಪೇ ನೆಟ್‌ವರ್ಕ್. ನೆಟ್‌ವರ್ಕ್‌ನ ಹೊರಗಿನ ಆಸ್ಪತ್ರೆಗೆ ಕೊಟ್ಟ ಹಣವೂ ಸಾಮಾನ್ಯವಾಗಿ ಸೇರುವುದಿಲ್ಲ.

ವಿಮೆಯ ಬೆಲೆ ವರ್ಷ ವರ್ಷ ಏರುತ್ತಿದೆ. ಆರೋಗ್ಯ ನೀತಿಯ ಅಧ್ಯಯನ ನಡೆಸುವ ಕೆಎಫ್ಎಫ್ ಸಂಸ್ಥೆಯ 2025ರ ಸಮೀಕ್ಷೆಯ ಪ್ರಕಾರ ಉದ್ಯೋಗದಾತರ ಮೂಲಕ ಸಿಗುವ ಕುಟುಂಬ ವಿಮೆಯ ಸರಾಸರಿ ವಾರ್ಷಿಕ ಪ್ರೀಮಿಯಂ 26,993 ಡಾಲರ್. ಅದರಲ್ಲಿ ನೌಕರರು ತಮ್ಮ ಸಂಬಳದಿಂದ ಕೊಟ್ಟದ್ದು ಸರಾಸರಿ 6,850 ಡಾಲರ್. ಕಂಪನಿಯಿಂದ ಕಂಪನಿಗೆ ಈ ಪಾಲು ಬಹಳ ಬದಲಾಗುತ್ತದೆ. ಆಫರ್ ಲೆಟರ್‌ಗೆ ಸಹಿ ಹಾಕುವ ಮೊದಲೇ ವಿಮೆಯ ದರಪಟ್ಟಿ ಕೇಳಿ ತರಿಸಿಕೊಳ್ಳುವುದು ಒಳ್ಳೆಯದು. ಸಂಬಳದಲ್ಲಿ ಎರಡು ಸಾವಿರ ಡಾಲರ್‌ಗೆ ಚೌಕಾಸಿ ಮಾಡುವವರು ವಿಮೆಯಲ್ಲಿ ಐದು ಸಾವಿರ ಹೋಗುವುದನ್ನು ಗಮನಿಸದೆ ಬಿಡುವುದುಂಟು.

ಒಂದೇ ಜೋಡಿ ಪ್ಲಾನ್, ಎರಡು ಉತ್ತರ

ಗಂಡ ಹೆಂಡತಿ ಇಬ್ಬರಿಗೆ ಒಂದು ಕಂಪನಿ ಎರಡು ಪ್ಲಾನ್ ಕೊಡುತ್ತದೆ ಎಂದುಕೊಳ್ಳಿ. ಅಂಕಿಗಳು ಉದಾಹರಣೆಗಾಗಿ, ಆದರೆ ಇಂಥ ಪಟ್ಟಿಗಳು ಸಾಮಾನ್ಯ. ಮೊದಲನೆಯದು ಪಿಪಿಒ, ಅಂದರೆ ತಜ್ಞರ ಬಳಿ ನೇರವಾಗಿ ಹೋಗಬಹುದಾದ ಬಗೆಯ ಪ್ಲಾನ್: ಎರಡು ವಾರಕ್ಕೊಮ್ಮೆ ಬರುವ ಸಂಬಳದಿಂದ 260 ಡಾಲರ್ ಕಡಿತ, ಡಿಡಕ್ಟಿಬಲ್ ಒಬ್ಬರಿಗೆ 750, ನಂತರ ಶೇ. 20, ಜೇಬಿನ ಮಿತಿ ಒಬ್ಬರಿಗೆ 4,000. ಎರಡನೆಯದು ಹೈ ಡಿಡಕ್ಟಿಬಲ್ ಪ್ಲಾನ್: ಸಂಬಳದಿಂದ 120 ಡಾಲರ್ ಕಡಿತ, ಇಬ್ಬರಿಗೂ ಸೇರಿ ಡಿಡಕ್ಟಿಬಲ್ 3,400, ನಂತರ ಶೇ. 20, ಜೇಬಿನ ಮಿತಿ ಇಬ್ಬರಿಗೂ ಸೇರಿ 7,000. ಇದರ ಜೊತೆ ಕಂಪನಿ ವರ್ಷಕ್ಕೆ 1,500 ಡಾಲರನ್ನು ನಿಮ್ಮ ಹೆಲ್ತ್ ಸೇವಿಂಗ್ಸ್ ಅಕೌಂಟ್‌ಗೆ, ಅಂದರೆ ಚಿಕಿತ್ಸೆಯ ಖರ್ಚಿಗೆಂದು ತೆರಿಗೆಯಿಲ್ಲದೆ ಹಣ ಕೂಡಿಡುವ ಎಚ್ಎಸ್ಎಗೆ ಹಾಕುತ್ತದೆ.

ಇಡೀ ವರ್ಷದ ಲೆಕ್ಕ ಮೊದಲು. ಎರಡು ವಾರಕ್ಕೊಮ್ಮೆ ಎಂದರೆ ವರ್ಷಕ್ಕೆ 26 ಸಂಬಳ, 24 ಅಲ್ಲ. ಇಲ್ಲಿಯೇ ಹಲವರ ಗುಣಾಕಾರ ತಪ್ಪುತ್ತದೆ. ಪಿಪಿಒ ಪ್ರೀಮಿಯಂ 6,760, ಹೈ ಡಿಡಕ್ಟಿಬಲ್‌ನದು 3,120. ವ್ಯತ್ಯಾಸ 3,640, ಕಂಪನಿಯ 1,500 ಸೇರಿಸಿದರೆ ಎರಡನೆಯ ಪ್ಲಾನಿಗೆ ಆರಂಭದಲ್ಲೇ 5,140 ಡಾಲರ್ ಅನುಕೂಲ. ಈಗ ಇಬ್ಬರಲ್ಲಿ ಒಬ್ಬರಿಗೆ ದೊಡ್ಡ ಶಸ್ತ್ರಚಿಕಿತ್ಸೆಯಾಗಿ 40,000 ಡಾಲರ್ ಬಿಲ್ ಬಂತು ಎನ್ನೋಣ. ಪಿಪಿಒನಲ್ಲಿ ಪ್ರೀಮಿಯಂ ಸೇರಿ ಒಟ್ಟು ಖರ್ಚು 10,760. ಹೈ ಡಿಡಕ್ಟಿಬಲ್‌ನಲ್ಲಿ 3,120ಕ್ಕೆ 7,000 ಕೂಡಿ 1,500 ಕಳೆದರೆ 8,620. ಅತಿ ಕೆಟ್ಟ ವರ್ಷದಲ್ಲೂ ಎರಡನೆಯದೇ ಅಗ್ಗ. ಆರೋಗ್ಯವಂತರಿಗೆ ಮಾತ್ರ ಹೈ ಡಿಡಕ್ಟಿಬಲ್ ಎಂದು ಎಲ್ಲರೂ ಹೇಳುವ ಮಾತು ಇಲ್ಲಿ ನಿಲ್ಲುವುದಿಲ್ಲ.

ನೆನಪಿಟ್ಟುಕೊಳ್ಳಬೇಕಾದ ಸೂತ್ರ ಇಷ್ಟೇ: ಪ್ರೀಮಿಯಂಗಳ ವ್ಯತ್ಯಾಸಕ್ಕೆ ಕಂಪನಿ ಹಾಕುವ ಎಚ್ಎಸ್ಎ ಹಣವನ್ನು ಕೂಡಿಸಿ, ಅದನ್ನು ಜೇಬಿನ ಮಿತಿಗಳ ವ್ಯತ್ಯಾಸದ ಪಕ್ಕ ಇಡಿ. ಇಲ್ಲಿ 5,140 ಮತ್ತು 3,000. ಮೊದಲನೆಯದು ದೊಡ್ಡದಾಗಿದ್ದರೆ ಕೆಟ್ಟ ವರ್ಷದಲ್ಲೂ ಹೈ ಡಿಡಕ್ಟಿಬಲ್ ಸೋಲುವುದಿಲ್ಲ. ಎರಡನೆಯದು ದೊಡ್ಡದಾಗಿದ್ದರೆ ಕಾಯಿಲೆ ಬಂದ ವರ್ಷ ಪಿಪಿಒ ಗೆಲ್ಲುತ್ತದೆ.

ಈಗ ಅದೇ ಕಂಪನಿಗೆ ಅಕ್ಟೋಬರ್ 1ಕ್ಕೆ ಸೇರಿದವರನ್ನು ನೋಡಿ. ವರ್ಷ ಮುಗಿಯಲು ಆರು ಸಂಬಳ ಉಳಿದಿದೆ. ಪ್ರೀಮಿಯಂ ವ್ಯತ್ಯಾಸ 140ರಂತೆ ಆರು ಸಲ, 840 ಡಾಲರ್. ಕಂಪನಿಯ ಎಚ್ಎಸ್ಎ ಹಣವೂ ಕಾಲು ಭಾಗಕ್ಕೆ ಇಳಿದು 375 ಆಯಿತು. ಒಟ್ಟು ಅನುಕೂಲ 1,215 ಮಾತ್ರ. ಆದರೆ ಡಿಡಕ್ಟಿಬಲ್ ಮತ್ತು ಜೇಬಿನ ಮಿತಿ ಸಾಮಾನ್ಯವಾಗಿ ಕಾಲು ಭಾಗಕ್ಕೆ ಇಳಿಯುವುದಿಲ್ಲ. ಮೂರು ತಿಂಗಳಿಗೂ ಪೂರ್ತಿ ಮೊತ್ತವೇ. ಹಾಗಾಗಿ 1,215ರ ಎದುರು ಅದೇ 3,000 ನಿಲ್ಲುತ್ತದೆ. ಅದೇ ಶಸ್ತ್ರಚಿಕಿತ್ಸೆ ನವೆಂಬರ್‌ನಲ್ಲಿ ಆದರೆ ಪಿಪಿಒನಲ್ಲಿ ಒಟ್ಟು 5,560, ಹೈ ಡಿಡಕ್ಟಿಬಲ್‌ನಲ್ಲಿ 7,345. ಬಿಲ್ ಸಾಧಾರಣವಾಗಿ 8,000 ಬಂದರೂ ಪಿಪಿಒ 3,760, ಇನ್ನೊಂದು 4,665. ವೈದ್ಯರ ಬಳಿ ಹೋಗುವ ಪ್ರಸಂಗವೇ ಬರದಿದ್ದರೆ ಹೈ ಡಿಡಕ್ಟಿಬಲ್ ಸಾವಿರದಿನ್ನೂರು ಡಾಲರ್ ಉಳಿಸುತ್ತದೆ, ಅದು ನಿಜ.

ಹೊಸಬರಿಗೆ ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಮನೆಯ ಮುಂಗಡ, ಕಾರು, ವಿಮಾನದ ಟಿಕೆಟ್ ಎಂದು ಮೊದಲ ತಿಂಗಳುಗಳಲ್ಲಿ ಉಳಿತಾಯ ಬರಿದಾಗಿರುತ್ತದೆ. ಎಚ್ಎಸ್ಎ ಖಾತೆಗೆ ಹಣ ಸಂಬಳ ಸಂಬಳಕ್ಕೆ ಸ್ವಲ್ಪ ಸ್ವಲ್ಪವೇ ಸೇರುತ್ತದೆ. ಮೂರನೇ ವಾರದಲ್ಲಿ ಮೂರು ಸಾವಿರ ಡಾಲರ್ ಬಿಲ್ ಬಂದರೆ ಕಾಗದದ ಮೇಲಿನ ಉಳಿತಾಯ ಕೈಗೆ ಬರುವುದಿಲ್ಲ. ದುಡ್ಡು ಹೋಗುತ್ತದೆಂದು ಎದೆನೋವನ್ನೂ ತಡೆದುಕೊಂಡು ಕೂರುವವರಿದ್ದಾರೆ. ಆ ಪರಿಸ್ಥಿತಿಗೆ ದೂಡುವ ಪ್ಲಾನ್ ಯಾವ ಲೆಕ್ಕದಲ್ಲೂ ಅಗ್ಗವಲ್ಲ. ಆದ್ದರಿಂದ ಆಗಸ್ಟ್ ನಂತರ ಸೇರುವವರು, ಕೈಯಲ್ಲಿ ಡಿಡಕ್ಟಿಬಲ್‌ನಷ್ಟು ನಗದು ಇಲ್ಲದಿದ್ದರೆ, ಆ ವರ್ಷದ ಮಟ್ಟಿಗೆ ಕಡಿಮೆ ಡಿಡಕ್ಟಿಬಲ್‌ನ ಪ್ಲಾನ್ ಹಿಡಿಯುವುದು ಸರಿ ಎಂಬುದು ನಮ್ಮ ಅಭಿಪ್ರಾಯ. ಅಕ್ಟೋಬರ್ ಅಥವಾ ನವೆಂಬರ್‌ನಲ್ಲಿ ಮುಂದಿನ ವರ್ಷದ ಆಯ್ಕೆಗೆ ಓಪನ್ ಎನ್‌ರೋಲ್‌ಮೆಂಟ್ ಬರುತ್ತದೆ. ಆಗ ಹನ್ನೆರಡು ತಿಂಗಳ ಲೆಕ್ಕ ಹಾಕಿ ಬೇಕಿದ್ದರೆ ಬದಲಿಸಿ. ಆ ತಿಂಗಳುಗಳಲ್ಲಿ ಸೇರಿದವರು ಎರಡು ಸಲ ಆಯ್ಕೆ ಮಾಡಬೇಕಾಗುತ್ತದೆ: ಈ ವರ್ಷಕ್ಕೊಂದು, ಜನವರಿಯಿಂದ ಇನ್ನೊಂದು. ಎರಡನೆಯದನ್ನು ಮರೆತರೆ ಹಳೆಯ ಪ್ಲಾನೇ ಮುಂದುವರಿಯಬಹುದು, ಕೆಲವು ಕಂಪನಿಗಳಲ್ಲಿ ವಿಮೆಯೇ ಇಲ್ಲವಾಗಬಹುದು.

ತುರ್ತಿಲ್ಲದ ಚಿಕಿತ್ಸೆಯನ್ನು ಡಿಸೆಂಬರ್ ಕೊನೆಗೆ ಶುರುಮಾಡಿ ಜನವರಿಗೆ ಮುಂದುವರಿಸಿದರೆ ಎರಡು ವರ್ಷದ ಡಿಡಕ್ಟಿಬಲ್ ತೆರಬೇಕಾಗುತ್ತದೆ. ಮುಂದೂಡಬಹುದಾದದ್ದಾದರೆ ವೈದ್ಯರನ್ನು ಕೇಳಿ ಇಡಿಯಾಗಿ ಒಂದೇ ವರ್ಷದೊಳಗೆ ಮಾಡಿಸಿಕೊಳ್ಳಿ.

ಎಚ್ಎಸ್ಎ ಮತ್ತು ಎಫ್ಎಸ್ಎ

ಹೈ ಡಿಡಕ್ಟಿಬಲ್ ಪ್ಲಾನ್ ಇದ್ದವರಿಗೆ ಮಾತ್ರ ಎಚ್ಎಸ್ಎಗೆ ಹಣ ಹಾಕುವ ಹಕ್ಕು. 2026ರ ಮಿತಿ ಒಬ್ಬರ ಪ್ಲಾನಿಗೆ 4,400, ಕುಟುಂಬದ ಪ್ಲಾನಿಗೆ 8,750 ಡಾಲರ್. ಕಂಪನಿ ಹಾಕುವ ಹಣವೂ ಇದರೊಳಗೇ ಲೆಕ್ಕ. ಸಂಬಳದ ಮೂಲಕ ಹಾಕಿದರೆ ಆದಾಯ ತೆರಿಗೆ ಮಾತ್ರವಲ್ಲ, ಶೇ. 7.65ರ ಸೋಶಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ ಕಡಿತವೂ ಉಳಿಯುತ್ತದೆ. ಹಣ ವರ್ಷ ಕಳೆದರೂ ನಿಮ್ಮದೇ, ಕೆಲಸ ಬಿಟ್ಟರೂ ನಿಮ್ಮದೇ, ಊರಿಗೆ ಮರಳಿದರೂ ಖಾತೆ ನಿಮ್ಮ ಹೆಸರಿನಲ್ಲೇ ಇರುತ್ತದೆ. ಚಿಕಿತ್ಸೆಗಲ್ಲದೆ ಬೇರೆಯದಕ್ಕೆ ತೆಗೆದರೆ 65 ವಯಸ್ಸಿನವರೆಗೆ ತೆರಿಗೆಯ ಜೊತೆ ಶೇ. 20 ದಂಡ. ಕ್ಯಾಲಿಫೋರ್ನಿಯಾ ಮತ್ತು ನ್ಯೂಜೆರ್ಸಿ ರಾಜ್ಯಗಳು ತಮ್ಮ ರಾಜ್ಯ ತೆರಿಗೆಯಲ್ಲಿ ಈ ವಿನಾಯಿತಿಯನ್ನು ಮಾನ್ಯ ಮಾಡುವುದಿಲ್ಲ. ಬೇ ಏರಿಯಾ ಅಥವಾ ಎಡಿಸನ್ ಕಡೆ ನೆಲೆಸುವವರು ತೆರಿಗೆ ಉಳಿತಾಯವನ್ನು ಆ ಮಟ್ಟಿಗೆ ಕಡಿಮೆ ಎಂದೇ ಲೆಕ್ಕ ಹಾಕಿ.

ವರ್ಷದ ನಡುವೆ ಸೇರಿದವರು ಅರ್ಹರಾಗಿದ್ದ ತಿಂಗಳುಗಳಿಗೆ ತಕ್ಕಷ್ಟೇ ಹಾಕಬೇಕು. ಡಿಸೆಂಬರ್ 1ಕ್ಕೆ ಅರ್ಹರಾಗಿದ್ದರೆ ಇಡೀ ವರ್ಷದ ಮಿತಿಯಷ್ಟು ಹಾಕಬಹುದೆಂಬ ನಿಯಮವೂ ಇದೆ. ಆದರೆ ಮುಂದಿನ ವರ್ಷದ ಡಿಸೆಂಬರ್ ಕೊನೆಯವರೆಗೂ ಅಂಥದೇ ಪ್ಲಾನಿನಲ್ಲಿ ಇರಬೇಕು, ನಡುವೆ ಬಿಟ್ಟರೆ ಹೆಚ್ಚುವರಿ ಹಣಕ್ಕೆ ತೆರಿಗೆ ಮತ್ತು ಶೇ. 10 ದಂಡ. ಕೆಲಸ ಬದಲಾಗುವ ಸಾಧ್ಯತೆ ಹೆಚ್ಚಿರುವ ಹೊಸಬರು ಆ ದಾರಿಗೆ ಹೋಗದಿರುವುದೇ ಕ್ಷೇಮ.

ಎಫ್ಎಸ್ಎ, ಅಂದರೆ ಫ್ಲೆಕ್ಸಿಬಲ್ ಸ್ಪೆಂಡಿಂಗ್ ಅಕೌಂಟ್, ಚಿಕಿತ್ಸೆಯ ಖರ್ಚಿಗೆ ಕಂಪನಿಯ ಮೂಲಕ ತೆರೆಯುವ ಬೇರೆ ಖಾತೆ. 2026ರಲ್ಲಿ 3,400 ಡಾಲರ್‌ವರೆಗೆ ತೆರಿಗೆಯಿಲ್ಲದೆ ಮೀಸಲಿಡಬಹುದು, ವರ್ಷದೊಳಗೆ ಬಳಸದಿದ್ದರೆ ಬಹುತೇಕ ಕಳೆದುಹೋಗುತ್ತದೆ. ಆದರೆ ವರ್ಷಪೂರ್ತಿ ಕಡಿತವಾಗಬೇಕಾದ ಮೊತ್ತವನ್ನು ಮೊದಲ ದಿನವೇ ಖರ್ಚು ಮಾಡಬಹುದು. ಕನ್ನಡಕ, ಹಲ್ಲಿನ ಚಿಕಿತ್ಸೆ ಖಚಿತವಾಗಿ ಇದೆ ಎಂದಾದರೆ ಪಿಪಿಒ ಹಿಡಿದವರಿಗೆ ಇದು ಉಪಯುಕ್ತ. ಗಂಡ ಹೆಂಡತಿ ಇಬ್ಬರೂ ಕೆಲಸದಲ್ಲಿದ್ದರೆ ಒಂದು ಎಚ್ಚರ: ಒಬ್ಬರು ಸಾಮಾನ್ಯ ಎಫ್ಎಸ್ಎ ತೆಗೆದುಕೊಂಡರೆ ಇನ್ನೊಬ್ಬರು ಎಚ್ಎಸ್ಎಗೆ ಹಣ ಹಾಕುವ ಅರ್ಹತೆಯನ್ನೇ ಕಳೆದುಕೊಳ್ಳುತ್ತಾರೆ. ಎರಡು ಕಂಪನಿಗಳ ಎಚ್ಆರ್‌ಗಳಿಗೆ ಪರಸ್ಪರ ಗೊತ್ತಿಲ್ಲದ ಕಾರಣ ಯಾರೂ ತಡೆಯುವುದಿಲ್ಲ. ತೊಡಕು ಗೊತ್ತಾಗುವುದು ತೆರಿಗೆ ಸಲ್ಲಿಸುವಾಗ.

ನೆಟ್‌ವರ್ಕ್ ಕೇಳುವ ರೀತಿ

ಪಿಪಿಒನಲ್ಲಿ ನೇರವಾಗಿ ತಜ್ಞರ ಬಳಿ ಹೋಗಬಹುದು, ನೆಟ್‌ವರ್ಕ್ ಹೊರಗೂ ಸ್ವಲ್ಪ ಪಾಲು ಸಿಗುತ್ತದೆ. ಎಚ್ಎಂಒ ಬಗೆಯ ಪ್ಲಾನಿನಲ್ಲಿ ಕುಟುಂಬ ವೈದ್ಯರನ್ನು ಮೊದಲು ಆರಿಸಿ ಅವರ ಶಿಫಾರಸು ಪಡೆಯಬೇಕು. ಇಪಿಒನಲ್ಲಿ ಸಾಮಾನ್ಯವಾಗಿ ಶಿಫಾರಸು ಬೇಡ, ಆದರೆ ತುರ್ತು ಹೊರತು ನೆಟ್‌ವರ್ಕ್ ಹೊರಗೆ ಏನೂ ಇಲ್ಲ. ಕೈಸರ್ ಪರ್ಮನೆಂಟೆಯಂಥ ವ್ಯವಸ್ಥೆಯಲ್ಲಿ ವಿಮೆ, ಆಸ್ಪತ್ರೆ, ಔಷಧಾಲಯ ಎಲ್ಲ ಒಂದೇ ಸೂರಿನಡಿ. ಹತ್ತಿರದಲ್ಲಿ ಅವರ ಆಸ್ಪತ್ರೆಯಿದ್ದು, ಇಂಥವರೇ ವೈದ್ಯರು ಬೇಕೆಂಬ ಹಟ ಇಲ್ಲದ ಹೊಸಬರಿಗೆ ಬಿಲ್ಲಿನ ಗೊಂದಲ ಅಲ್ಲಿ ಕಡಿಮೆ.

ಕ್ಲಿನಿಕ್‌ಗೆ ಫೋನ್ ಮಾಡಿ ಈ ಕಂಪನಿಯ ವಿಮೆ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರೆ ಹೌದು ಎನ್ನುತ್ತಾರೆ. ತೆಗೆದುಕೊಳ್ಳುವುದು ಬೇರೆ, ನಿಮ್ಮ ನೆಟ್‌ವರ್ಕ್‌ನಲ್ಲಿರುವುದು ಬೇರೆ. ಒಂದೇ ವಿಮಾ ಕಂಪನಿಗೆ ಹತ್ತಾರು ನೆಟ್‌ವರ್ಕ್‌ಗಳಿರುತ್ತವೆ. ಕಾರ್ಡಿನ ಮೇಲೆ ಬರೆದಿರುವ ನೆಟ್‌ವರ್ಕ್‌ನ ಪೂರ್ಣ ಹೆಸರು ಓದಿ ಹೇಳಿ, ಅದರಲ್ಲಿ ಇದ್ದೀರಾ ಎಂದು ಕೇಳಿ. ರಕ್ತ ಪರೀಕ್ಷೆಗೆ ಯಾವ ಲ್ಯಾಬಿಗೆ ಕಳಿಸುತ್ತೀರಿ ಎಂದೂ ಕೇಳಿ; ವೈದ್ಯರು ನೆಟ್‌ವರ್ಕ್‌ನಲ್ಲಿದ್ದು ಲ್ಯಾಬ್ ಹೊರಗಿದ್ದು ನೂರಾರು ಡಾಲರ್ ಬಿಲ್ ಬರುವುದು ಬಹಳ ಸಾಮಾನ್ಯ. 2022ರ ಜನವರಿಯಿಂದ ಜಾರಿಯಲ್ಲಿರುವ ನೋ ಸರ್ಪ್ರೈಸಸ್ ಕಾಯ್ದೆ ತುರ್ತು ಚಿಕಿತ್ಸೆಗೂ, ನೆಟ್‌ವರ್ಕ್ ಆಸ್ಪತ್ರೆಯಲ್ಲಿ ಎದುರಾಗುವ ಹೊರಗಿನ ಅರಿವಳಿಕೆ ತಜ್ಞರಂಥವರ ಬಿಲ್ಲಿಗೂ ರಕ್ಷಣೆ ಕೊಡುತ್ತದೆ. ರಸ್ತೆಯ ಆಂಬುಲೆನ್ಸ್‌ಗೆ ಮಾತ್ರ ಅದು ಅನ್ವಯಿಸುವುದಿಲ್ಲ.

ದಿನವೂ ಔಷಧ ತೆಗೆದುಕೊಳ್ಳುವವರು ಪ್ಲಾನಿನ ಔಷಧ ಪಟ್ಟಿಯಲ್ಲಿ ತಮ್ಮ ಮಾತ್ರೆಯ ಮೂಲ ರಾಸಾಯನಿಕ ಹೆಸರನ್ನು ಹುಡುಕಬೇಕು. ಭಾರತದ ಬ್ರ್ಯಾಂಡ್ ಹೆಸರು ಅಲ್ಲಿ ಸಿಗುವುದಿಲ್ಲ. ಯಾವ ಶ್ರೇಣಿಯಲ್ಲಿದೆ, ಮುಂಗಡ ಅನುಮತಿ ಬೇಕೇ ಎಂಬುದು ಅದರ ಪಕ್ಕದಲ್ಲೇ ಇರುತ್ತದೆ.

ಕುಟುಂಬ ಜೊತೆಗಿದ್ದರೆ

ಕೆಲಸಕ್ಕೆ ಸೇರಿದ ಮೇಲೆ ಆಯ್ಕೆಗೆ ಸಾಮಾನ್ಯವಾಗಿ 30 ದಿನ ಸಿಗುತ್ತದೆ. ಪ್ರೀಮಿಯಂ ತೆರಿಗೆಗೆ ಮುನ್ನವೇ ಕಡಿತವಾಗುವ ವ್ಯವಸ್ಥೆಯಾದ್ದರಿಂದ ಅವಧಿ ಕಳೆದ ಮೇಲೆ ಮನಬಂದಂತೆ ಬದಲಿಸಲಾಗದು. ಮದುವೆ, ಮಗುವಿನ ಜನನ, ಬೇರೆ ವಿಮೆ ಕೈತಪ್ಪುವುದು, ಇಂಥ ಸಂದರ್ಭಗಳಲ್ಲಿ ಮಾತ್ರ ಮತ್ತೆ ಕನಿಷ್ಠ 30 ದಿನದ ಅವಕಾಶ. ಎಚ್-1ಬಿಯವರ ಕುಟುಂಬಕ್ಕೆ ಕೊಡುವ ಎಚ್-4 ವೀಸಾದಲ್ಲಿ ಹೆಂಡತಿಯೋ ಗಂಡನೋ ಎರಡು ತಿಂಗಳು ತಡವಾಗಿ ಬರುವುದಾದರೆ, ಅವರ ಆಗಮನವನ್ನು ನಿಮ್ಮ ಪ್ಲಾನ್ ಅಂಥ ಸಂದರ್ಭವೆಂದು ಒಪ್ಪುತ್ತದೆಯೇ ಎಂದು ಮೊದಲ 30 ದಿನದೊಳಗೇ ಎಚ್ಆರ್‌ಗೆ ಇಮೇಲ್ ಬರೆದು ಲಿಖಿತ ಉತ್ತರ ಪಡೆಯಿರಿ. ಒಪ್ಪದಿದ್ದರೆ ಅವರು ಊರಿನಲ್ಲಿರುವಾಗಲೇ ಹೆಸರು ಸೇರಿಸಬಹುದೇ ಎಂದು ಕೇಳಿ. ಅವರಿಗೆ ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲ ಎಂಬ ಕಾರಣಕ್ಕೆ ಬಿಟ್ಟುಬಿಡಬೇಡಿ. ಪೋರ್ಟಲ್ ಒಪ್ಪದಿದ್ದರೂ ಎಚ್ಆರ್‌ನವರ ಬಳಿ ಸಾಮಾನ್ಯವಾಗಿ ದಾರಿ ಇರುತ್ತದೆ. ಸಂಬಂಧಕ್ಕೆ ದಾಖಲೆ ಕೇಳುತ್ತಾರೆ, ಹಾಗಾಗಿ ಸಬ್ ರಿಜಿಸ್ಟ್ರಾರ್ ಕಚೇರಿಯ ವಿವಾಹ ನೋಂದಣಿ ಪತ್ರ, ಮಕ್ಕಳ ಜನನ ಪ್ರಮಾಣಪತ್ರ ಹೊರಡುವ ಮುನ್ನವೇ ಕೈಯಲ್ಲಿರಲಿ. ಮದುವೆ ಆಲ್ಬಂ, ಲಗ್ನಪತ್ರಿಕೆ ಇದಕ್ಕೆ ಸಾಲದು. ಅಪ್ಪ ಅಮ್ಮನನ್ನು ಈ ಪ್ಲಾನ್‌ಗಳಿಗೆ ಸೇರಿಸಲು ಸಾಮಾನ್ಯವಾಗಿ ಆಗುವುದಿಲ್ಲ. ಅವರು ಬಂದಾಗ ಸಂದರ್ಶಕರ ವಿಮೆ ಬೇರೆಯಾಗಿ ಕೊಳ್ಳಬೇಕು.

ಕುಟುಂಬ ಪ್ಲಾನಿನಲ್ಲಿ ಡಿಡಕ್ಟಿಬಲ್ ಎರಡು ಬಗೆ. ಒಂದರಲ್ಲಿ ಪ್ರತಿಯೊಬ್ಬರಿಗೂ ಸ್ವಂತ ಗೆರೆ ಇರುತ್ತದೆ, ಅದು ಮುಗಿದರೆ ಅವರ ಮಟ್ಟಿಗೆ ವಿಮೆ ಶುರು. ಇನ್ನೊಂದರಲ್ಲಿ ಇಡೀ ಕುಟುಂಬದ ಮೊತ್ತ ತುಂಬುವವರೆಗೆ ಯಾರಿಗೂ ಶುರುವಾಗದು. ಮೇಲಿನ ಉದಾಹರಣೆಯ ಎರಡನೆಯ ಪ್ಲಾನ್ ಈ ಬಗೆಯದು. ಒಬ್ಬರಿಗೇ ಹೆಚ್ಚು ಚಿಕಿತ್ಸೆ ಬೇಕಿರುವ ಮನೆಯಲ್ಲಿ ಈ ವ್ಯತ್ಯಾಸವೇ ನಿರ್ಣಾಯಕ.

ಹೆರಿಗೆಯ ನಿರೀಕ್ಷೆ ಇದ್ದರೆ ಆ ವರ್ಷ ಜೇಬಿನ ಮಿತಿ ತಲುಪಬಹುದೆಂದೇ ಲೆಕ್ಕ ಹಾಕಿ. ತಾಯಿಯ ಬಿಲ್ ಮತ್ತು ಮಗುವಿನ ಬಿಲ್ ಬೇರೆ ಬೇರೆ. ಪ್ರತಿಯೊಬ್ಬರಿಗೂ ಡಿಡಕ್ಟಿಬಲ್ ಇರುವ ಪ್ಲಾನಿನಲ್ಲಿ ಮಗುವಿಗೂ ಒಂದು ಹುಟ್ಟಿಕೊಳ್ಳುತ್ತದೆ. ಮಗು ಹುಟ್ಟಿದ 30 ದಿನದೊಳಗೆ ಹೆಸರು ಸೇರಿಸಿದರೆ ಹುಟ್ಟಿದ ದಿನದಿಂದಲೇ ವಿಮೆ ಅನ್ವಯ. ತಾಯಿಯ ವಿಮೆಯಲ್ಲಿ ತಾನಾಗಿ ಸೇರಿರುತ್ತದೆ ಎಂದು ಸುಮ್ಮನಿದ್ದರೆ ಮಗುವಿನ ಆಸ್ಪತ್ರೆ ಬಿಲ್ ಪೂರ್ತಿ ನಿಮ್ಮ ಮೇಲೆ ಬರಬಹುದು. ಅಪ್ಪ ಅಮ್ಮ ಇಬ್ಬರ ಪ್ಲಾನಿಗೂ ಸೇರಿಸಿದರೆ, ವರ್ಷದಲ್ಲಿ ಯಾರ ಹುಟ್ಟುಹಬ್ಬ ಮೊದಲು ಬರುತ್ತದೋ ಅವರ ವಿಮೆ ಮೊದಲು ಹಣ ಕೊಡಬೇಕೆಂಬುದು ರೂಢಿಯಲ್ಲಿರುವ ನಿಯಮ.

ಓದಲೇಬೇಕಾದ ಎಂಟು ಪುಟ

ಪ್ರತಿ ಪ್ಲಾನಿಗೂ ಸಮ್ಮರಿ ಆಫ್ ಬೆನಿಫಿಟ್ಸ್ ಅಂಡ್ ಕವರೇಜ್ ಎಂಬ ದಾಖಲೆ ಕೊಡುವುದು ಕಡ್ಡಾಯ. ಹೆಚ್ಚೆಂದರೆ ನಾಲ್ಕು ಹಾಳೆ, ಎರಡೂ ಬದಿ. ಎಲ್ಲ ಕಂಪನಿಗಳಿಗೂ ಒಂದೇ ನಮೂನೆ. ಎಚ್ಆರ್ ತಯಾರಿಸಿದ ಬಣ್ಣಬಣ್ಣದ ಹೋಲಿಕೆ ಪಟ್ಟಿಗಿಂತ ಇದು ನಂಬಿಕೆಗೆ ಅರ್ಹ. ಹೆರಿಗೆ, ಟೈಪ್ 2 ಮಧುಮೇಹದ ಒಂದು ವರ್ಷದ ನಿರ್ವಹಣೆ, ಮೂಳೆ ಮುರಿತ, ಈ ಮೂರಕ್ಕೆ ನಿಮ್ಮ ಪಾಲೆಷ್ಟು ಎಂಬ ಲೆಕ್ಕ ಕೊನೆಯಲ್ಲಿರುತ್ತದೆ. ಎರಡು ಪ್ಲಾನ್‌ಗಳ ದಾಖಲೆಯನ್ನು ಪಕ್ಕಪಕ್ಕ ಇಟ್ಟು ಆ ಮೂರು ಅಂಕಿಗಳನ್ನು ಹೋಲಿಸಿ. ಅಮೆರಿಕದ ಹೊರಗೆ ಪ್ರಯಾಣದಲ್ಲಿದ್ದಾಗ ತುರ್ತಲ್ಲದ ಚಿಕಿತ್ಸೆ ಸಿಗುತ್ತದೆಯೇ ಎಂಬ ಸಾಲೂ ಅದರಲ್ಲಿದೆ; ರಜೆಗೆ ಊರಿಗೆ ಹೋಗುವವರಿಗೆ ಅದು ಮುಖ್ಯ.

ವಿಮೆ ಶುರುವಾದ ಮೇಲಿನ ಮೊದಲ ಎಡವಟ್ಟು ಹೆಚ್ಚಾಗಿ ವಾರ್ಷಿಕ ತಪಾಸಣೆಯಲ್ಲಿ. ಅದು ನೆಟ್‌ವರ್ಕ್‌ನಲ್ಲಿ ಉಚಿತ, ಮಕ್ಕಳ ಲಸಿಕೆಗಳೂ ಉಚಿತ. ಆದರೆ ತಪಾಸಣೆಯ ನಡುವೆ ಹಳೆಯ ಮಂಡಿನೋವಿನ ವಿಷಯ ಎತ್ತಿದರೆ ಅದು ಇನ್ನೊಂದು ಭೇಟಿಯಾಗಿ ದಾಖಲಾಗಿ ಬಿಲ್ ಬರಬಹುದು. ಎತ್ತಬಾರದೆಂದಲ್ಲ, ಪ್ರತ್ಯೇಕ ಶುಲ್ಕ ಆಗುತ್ತದೆಯೇ ಎಂದು ಆಗಲೇ ಕೇಳಿಬಿಡಿ. ಆಸ್ಪತ್ರೆಯ ಬಿಲ್ ಬಂದ ಕೂಡಲೇ ಕಟ್ಟಬೇಡಿ. ವಿಮಾ ಕಂಪನಿಯಿಂದ ಎಕ್ಸ್‌ಪ್ಲನೇಶನ್ ಆಫ್ ಬೆನಿಫಿಟ್ಸ್ ಬರುವವರೆಗೆ ಕಾದು, ಅದರಲ್ಲಿ ನಿಮ್ಮ ಪಾಲು ಎಂದಿರುವ ಮೊತ್ತವೂ ಬಿಲ್ಲಿನ ಮೊತ್ತವೂ ಒಂದೇ ಇದೆಯೇ ನೋಡಿ. ವಿಮೆಯವರು ನಿರಾಕರಿಸಿದರೆ 180 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು. ಅದನ್ನೂ ತಿರಸ್ಕರಿಸಿದರೆ, ವೈದ್ಯಕೀಯ ಅಗತ್ಯದ ವಿಚಾರವಾಗಿದ್ದಲ್ಲಿ, ನಾಲ್ಕು ತಿಂಗಳೊಳಗೆ ಸ್ವತಂತ್ರ ಪರಿಶೀಲನೆ ಕೇಳುವ ಹಕ್ಕಿದೆ.

ಕೆಲಸ ಹೋದರೆ ವಿಮೆ ಕೊನೆಯ ದಿನವೇ ನಿಲ್ಲುತ್ತದೆಯೋ ತಿಂಗಳ ಕೊನೆಗೋ ಎಂಬುದು ಕಂಪನಿಗೆ ಬಿಟ್ಟದ್ದು, ಸೇರುವಾಗಲೇ ತಿಳಿದಿಟ್ಟುಕೊಳ್ಳಿ. ಇಪ್ಪತ್ತು ಅಥವಾ ಹೆಚ್ಚು ನೌಕರರಿರುವ ಕಂಪನಿಯಾದರೆ ಕೋಬ್ರಾ ನಿಯಮದಡಿ ಅದೇ ವಿಮೆಯನ್ನು 18 ತಿಂಗಳವರೆಗೆ ಮುಂದುವರಿಸಬಹುದು. ಆದರೆ ಕಂಪನಿಯ ಪಾಲೂ ಸೇರಿ ಪೂರ್ತಿ ಪ್ರೀಮಿಯಂನ ಶೇ. 102ರವರೆಗೆ ನೀವೇ ಕಟ್ಟಬೇಕು. ನಿರ್ಧಾರಕ್ಕೆ 60 ದಿನ, ಆನಂತರ ಮೊದಲ ಕಂತಿಗೆ 45 ದಿನ ಇದೆ, ವಿಮೆ ನಿಂತ ದಿನದಿಂದಲೇ ಅನ್ವಯವಾಗುತ್ತದೆ. ಎಚ್-1ಬಿಯವರಿಗೆ ಹೊಸ ಕೆಲಸ ಹುಡುಕಲು ಸಿಗುವ ಕಾಲಾವಕಾಶವೂ 60 ದಿನಗಳವರೆಗೆ. ಆ ಎರಡು ತಿಂಗಳಲ್ಲಿ ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿದ್ದು ಹೊಸ ಕೆಲಸ ಸಿಕ್ಕರೆ ಕೋಬ್ರಾಗೆ ಹಣ ಕಟ್ಟುವ ಅಗತ್ಯವೇ ಬೀಳದಿರಬಹುದು; ನಡುವೆ ಆಸ್ಪತ್ರೆ ಸೇರಬೇಕಾಗಿ ಬಂದರೆ ಅವಧಿಯೊಳಗೆ ಅರ್ಜಿ ಹಾಕಿ ಹಿಂದಿನ ಕಂತುಗಳನ್ನೂ ಕಟ್ಟಿದರೆ ಆ ಬಿಲ್ ವಿಮೆಯಡಿ ಬರುತ್ತದೆ. ಕೋಬ್ರಾ ನೋಟಿಸ್ ಅಂಚೆಯಲ್ಲಿ ಬರುವುದರಿಂದ ಮನೆ ಬದಲಿಸಿದ್ದರೆ ಹೊಸ ವಿಳಾಸವನ್ನು ಕೆಲಸ ಬಿಡುವ ದಿನವೇ ಎಚ್ಆರ್‌ಗೆ ಬರೆದು ಕೊಡಿ.